ಇಬ್ಬರ ಸಂಬಳ, ಎರಡು ಡಬ್ಲ್ಯೂ-4: ರಿಫಂಡ್ ಬರ್ತಿದ್ದ ಮನೆಗೆ ಹತ್ತು ಸಾವಿರ ಡಾಲರ್ ಟ್ಯಾಕ್ಸ್ ಬಂದಿದ್ದು ಹೇಗೆ

2024ರ ಜನವರಿಲಿ ನಾನು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಕೆಲಸಕ್ಕೆ ಸೇರಿದೆ. ಅದಕ್ಕೂ ಮುಂಚೆ ಇಲ್ಲಿ ಕೆಲಸಕ್ಕೆ ಬಂದೋರ ಗಂಡ ಅಥವಾ ಹೆಂಡ್ತಿಗೆ ಕೊಡೋ ಎಚ್-4 ವೀಸಾದಲ್ಲಿ ವರ್ಷಾನುಗಟ್ಲೆ ಮನೇಲೇ ಇದ್ದೆ, ನಮ್ಮನೆಯವರ ಗ್ರೀನ್ ಕಾರ್ಡಿನ ಐ-140 ಅರ್ಜಿ ಅಪ್ರೂವ್ ಆದ್ಮೇಲೆ ಇಎಡಿಗೆ, ಅಂದ್ರೆ ಕೆಲಸ ಮಾಡೋ ಪರ್ಮಿಟ್ಟಿಗೆ ಹಾಕಿ, ಅದು ಕೈಗೆ ಬಂದು, ಇಂಟರ್‌ವ್ಯೂ ಎಲ್ಲ ಮುಗಿದು ಕೊನೆಗೂ ಒಂದು ಕಂಪನಿಲಿ ಅಕೌಂಟ್ಸ್ ಕೆಲಸ ಸಿಕ್ತು. ಮೈಸೂರಲ್ಲಿ ಬಿಕಾಂ, ಆಮೇಲೆ ಬೆಂಗಳೂರಲ್ಲಿ ಆಡಿಟರ್ ಆಫೀಸಲ್ಲಿ ಟಿಡಿಎಸ್ ರಿಟರ್ನ್ ಫೈಲ್ ಮಾಡೋದೇ ನನ್ನ ಕೆಲಸ ಆಗಿತ್ತು, ಹಾಗಾಗಿ ಸಂಬಳದಿಂದ ಟ್ಯಾಕ್ಸ್ ಹಿಡಿಯೋದು ಅನ್ನೋದು ನನಗೆ ಹೊಸ ವಿಷಯ ಅಲ್ಲ. ಆದ್ರೆ ಇಲ್ಲಿನ ಲೆಕ್ಕ ನಮ್ಮೂರಿನ ಲೆಕ್ಕಕ್ಕಿಂತ ಒಂದು ಮುಖ್ಯ ಜಾಗದಲ್ಲಿ ಬೇರೆ ಇದೆ, ಆ ಒಂದು ಜಾಗದಿಂದಾನೇ ಮುಂದಿನ ವರ್ಷ ನಮ್ಮನೆಗೆ ಫೆಡರಲ್ ಟ್ಯಾಕ್ಸ್ ಹತ್ತು ಸಾವಿರ ಡಾಲರ್ ಮೇಲೆ ಕಟ್ಟೋಕೆ ಬಂತು. ಇಂಡಿಯಾದಿಂದ ಬಂದು ಗಂಡ ಹೆಂಡ್ತಿ ಇಬ್ಬರೂ ದುಡಿಯೋಕೆ ಶುರು ಮಾಡೋ ಎಷ್ಟೋ ಮನೆಗಳಿಗೆ ಇದು ಆಗೇ ಆಗುತ್ತೆ, ಅದ್ಕೆ ನಂಬರ್ ಸಮೇತ ಬರೀತಿದೀನಿ. ನಂಬರ್‌ಗಳನ್ನ ರೌಂಡ್ ಮಾಡಿದೀನಿ, 401(ಕೆ) ಅನ್ನೋ ನಿವೃತ್ತಿ ಉಳಿತಾಯ, ಹೆಲ್ತ್ ಇನ್ಶೂರೆನ್ಸ್ ಎಲ್ಲ ಕಳೆದು ಡಬ್ಲ್ಯೂ-2ನ (ಕಂಪನಿ ಕೊಡೋ ವರ್ಷದ ಸಂಬಳ, ಟ್ಯಾಕ್ಸಿನ ಪತ್ರ) ಬಾಕ್ಸ್ 1ರಲ್ಲಿ ಬರೋ ಸಂಬಳ ಅಂತ ಇಟ್ಕೊಳ್ಳಿ.

ಮೊದಲು ನಮ್ಮನೆ ಹಳೇ ಪರಿಸ್ಥಿತಿ. ನಮ್ಮನೆಯವರು ಅವರ ಕಂಪನಿಗೆ ಸೇರಿದ್ದು 2017ರಲ್ಲಿ. ಡಬ್ಲ್ಯೂ-4 ಅಂದ್ರೆ ಸಂಬಳದಿಂದ ಎಷ್ಟು ಫೆಡರಲ್ ಟ್ಯಾಕ್ಸ್ ಹಿಡೀಬೇಕು ಅಂತ ಲೆಕ್ಕ ಹಾಕೋಕೆ ನಾವು ಕಂಪನಿಗೆ ಕೊಡೋ ಫಾರಂ. ಆಗ ಅದು ಬೇರೆ ಥರ ಇತ್ತು, ಅಲೊವೆನ್ಸ್ ಅಂತ ಒಂದು ನಂಬರ್ ಬರೀಬೇಕಿತ್ತು. ನಿಮಗೊಂದು, ಹೆಂಡ್ತಿಗೊಂದು, ಮನೇಲಿ ಒಬ್ಬರದ್ದೇ ಸಂಬಳ ಆಗಿದ್ರೆ ಇನ್ನೊಂದು, ಹೀಗೆ ಕೂಡಿಸಿ ಇವರು 3 ಅಂತ ಬರೆದಿದ್ರು. ಆ ವರ್ಷ ಒಂದು ಅಲೊವೆನ್ಸ್ ಅಂದ್ರೆ ವರ್ಷಕ್ಕೆ 4,050 ಡಾಲರ್ ಸಂಬಳವನ್ನ ಪೇರೋಲ್‌ನವರು ಟ್ಯಾಕ್ಸ್ ಲೆಕ್ಕದಿಂದ ಪಕ್ಕಕ್ಕಿಡ್ತಾರೆ ಅಂತ ಅರ್ಥ. 25 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಇರೋರು ಒಂದು ನಂಬರ್ ಹೆಚ್ಚು ಬರೆದ್ರೆ ವರ್ಷಕ್ಕೆ ಸಾವಿರ ಡಾಲರ್ ಹತ್ರ ಕಮ್ಮಿ ಹಿಡೀತಿದ್ರು, ಕಮ್ಮಿ ಬರೆದ್ರೆ ಅಷ್ಟೇ ಹೆಚ್ಚು ಹಿಡೀತಿದ್ರು. ಅದಕ್ಕೇ ಆ ಕಾಲದಲ್ಲಿ ಬಂದೋರೆಲ್ಲ ಹೊಸಬರಿಗೆ ಜೀರೋ ಹಾಕಿ, ಏಪ್ರಿಲಲ್ಲಿ ದೊಡ್ಡ ರಿಫಂಡ್ ಬರುತ್ತೆ ಅಂತ ಹೇಳ್ತಿದ್ದಿದ್ದು. ಅಲ್ಲಿ ಬರೋ ರಿಫಂಡ್ ಯಾವ ಹೊಸ ದುಡ್ಡೂ ಅಲ್ಲ, ವರ್ಷ ಪೂರ್ತಿ ಹೆಚ್ಚಾಗಿ ಹಿಡಿದಿದ್ದನ್ನ ಬಡ್ಡಿ ಇಲ್ಲದೆ ವಾಪಸ್ ಕೊಡೋದು ಅಷ್ಟೇ. ಕಟ್ಟಬೇಕಾದ ಒಟ್ಟು ಟ್ಯಾಕ್ಸ್ ಫಾರಂನಲ್ಲಿ ಏನು ಬರೆದ್ರೂ ಒಂದು ಡಾಲರ್ ಕೂಡ ಬದಲಾಗಲ್ಲ, ಯಾವಾಗ ಕಟ್ತೀವಿ ಅನ್ನೋದು ಮಾತ್ರ ಬದಲಾಗುತ್ತೆ.

2017ರ ಡಿಸೆಂಬರಲ್ಲಿ ಟ್ಯಾಕ್ಸ್ ಕಾನೂನು ಬದಲಾಯ್ತು, ಮನೆಯ ಒಬ್ಬೊಬ್ಬರ ಹೆಸರಲ್ಲಿ ಆದಾಯದಿಂದ ಕಳೀತಿದ್ದ ಪರ್ಸನಲ್ ಎಕ್ಸೆಂಪ್ಷನ್ ಹೋಯ್ತು, ಟ್ಯಾಕ್ಸ್ ಹಾಕೋ ಮುಂಚೆ ಆದಾಯದಿಂದ ಕಳೆಯೋ ಸ್ಟ್ಯಾಂಡರ್ಡ್ ಡಿಡಕ್ಷನ್ ಹತ್ರ ಹತ್ರ ಡಬಲ್ ಆಯ್ತು. ಅಲೊವೆನ್ಸ್ ಅನ್ನೋದು ಆ ಎಕ್ಸೆಂಪ್ಷನ್ ಮೇಲೇ ನಿಂತಿದ್ದಿದ್ದು, ಹಾಗಾಗಿ 2020ರಿಂದ ಫೆಡರಲ್ ಡಬ್ಲ್ಯೂ-4ರಲ್ಲಿ ಅಲೊವೆನ್ಸ್ ಅನ್ನೋದೇ ಇಲ್ಲ. ಆದ್ರೆ ಹಳೇ ಫಾರಂ ಕೊಟ್ಟೋರು ಹೊಸದು ಕೊಡಲೇಬೇಕು ಅಂತ ರೂಲ್ ಇಲ್ಲ. ಇವರ 2017ರ ಫಾರಂ ಹಾಗೇ ನಡೀತಾ ಇತ್ತು. ಪೇರೋಲ್‌ನವರು ಹಳೇ ಫಾರಂಗೆ ಬೇರೆ ಲೆಕ್ಕ ಹಾಕ್ತಾರೆ, ಮ್ಯಾರೀಡ್ ಮತ್ತೆ 3 ಅಂತ ಬರೆದಿದ್ರೆ ಅದು ಗಂಡ ಹೆಂಡ್ತಿ ಇಬ್ಬರ ಪೂರ್ತಿ ಸ್ಟ್ಯಾಂಡರ್ಡ್ ಡಿಡಕ್ಷನ್‌ಗೆ ಸರಿಯಾಗಿ ಕೂರುತ್ತೆ. ಮಗಳು ಹುಟ್ಟಿದ ಮೇಲೆ ಅವಳ ಹೆಸರಲ್ಲಿ ಬರೋ 2,000 ಡಾಲರ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಆ ಫಾರಂನಲ್ಲಿ ಇಲ್ವಲ್ಲ, ಅದು ರಿಫಂಡ್ ಆಗಿ ಬರ್ತಿತ್ತು. ಊರಲ್ಲಿರೋ ಎನ್‌ಆರ್‌ಇ ಎಫ್‌ಡಿ ಬಡ್ಡಿ ವರ್ಷಕ್ಕೆ 2,000 ಡಾಲರ್ ಹತ್ರ, ಅದು ಇಂಡಿಯಾದಲ್ಲಿ ಟ್ಯಾಕ್ಸ್ ಇಲ್ಲ ಆದ್ರೆ ಇಲ್ಲಿ ರೆಸಿಡೆಂಟ್ ಆದೋರಿಗೆ ಇದೆ, ಅದಕ್ಕೆ 22 ಪರ್ಸೆಂಟಿನಂತೆ 440 ಹೋಗಿ ಉಳಿದಿದ್ದು ಒಂದೂವರೆ ಸಾವಿರದ ಮೇಲೆ ಪ್ರತಿ ಸಲ ಬ್ಯಾಂಕಿಗೆ ಬರ್ತಿತ್ತು. ಎಲ್ಲ ಸರಿಯಾಗಿದೆ ಅಂತಾನೇ ಇದ್ವಿ, ಒಂದೇ ಸಂಬಳ ಇರೋವರೆಗೂ ನಿಜವಾಗ್ಲೂ ಸರಿಯಾಗೇ ಇತ್ತು.

ನಾನು ಸೇರಿದಾಗ ಪೇಪರ್ ಫಾರಂ ಇರಲಿಲ್ಲ, ಆನ್‌ಲೈನ್ ಪೋರ್ಟಲ್‌ನಲ್ಲಿ ಹೆಸರು, ಸೋಶಿಯಲ್ ಸೆಕ್ಯುರಿಟಿ ನಂಬರ್ ತುಂಬಿದ ಮೇಲೆ ಫೈಲಿಂಗ್ ಸ್ಟೇಟಸ್ ಕೇಳ್ತು, ಮ್ಯಾರೀಡ್ ಫೈಲಿಂಗ್ ಜಾಯಿಂಟ್ಲಿ ಅಂತ ಒತ್ತಿದೆ, ಅದೇ ನಮ್ಮ ಸ್ಟೇಟಸ್. ಆಮೇಲೆ ಬಂದ ಪೇಜಲ್ಲಿ ಉಳಿದ ಸ್ಟೆಪ್‌ಗಳೆಲ್ಲ ಅನ್ವಯ ಆದ್ರೆ ಮಾತ್ರ ತುಂಬಿ ಅಂತ ಮುಚ್ಚಿಟ್ಟಿದ್ರು, ಎಚ್‌ಆರ್‌ನಿಂದ ಕೂತು ಹೇಳೋಕೆ ಯಾರೂ ಇಲ್ಲ, ಸೈನ್ ಮಾಡಿ ಮುಂದೆ ಹೋಗಿ ಅಂತ ಬಟನ್ ಇದೆ. ಆ ಮುಚ್ಚಿದ್ದ ಸ್ಟೆಪ್ 2ರಲ್ಲಿ ಇತ್ತು ವಿಷಯ, ಮನೇಲಿ ಇನ್ನೊಂದು ಸಂಬಳನೂ ಇದೆ ಅಂತ ಹೇಳೋ ಜಾಗ. ಇಬ್ಬರೂ ದುಡಿಯೋ ಮನೆಗೆ ಇಡೀ ಫಾರಂನಲ್ಲಿ ಅತಿ ಮುಖ್ಯವಾದ ಸಾಲು ಅದು, ಅದನ್ನ ಐಚ್ಛಿಕ ಅನ್ನೋ ಹಾಗೆ ತೋರಿಸೋದು ತುಂಬಾ ತಪ್ಪು ಅಂತ ನನಗೆ ಇವತ್ತಿಗೂ ಅನ್ಸುತ್ತೆ.

ಅದೇ ದಿನ ಸ್ಟೇಟ್‌ಗೆ ಬೇರೆ ಫಾರಂ ತುಂಬಿದ್ದೆ, ಡಿಇ-4 ಅಂತ. ಕ್ಯಾಲಿಫೋರ್ನಿಯಾದವರು ಈಗಲೂ ಅಲೊವೆನ್ಸ್ ಇಟ್ಕೊಂಡಿದಾರೆ. ಅದರಲ್ಲಿ ಫೈಲಿಂಗ್ ಸ್ಟೇಟಸ್ ಕೇಳೋ ಜಾಗದಲ್ಲೇ ಒಂದು ಆಯ್ಕೆ ಸಿಂಗಲ್ ಅಥವಾ ಎರಡು ಆದಾಯ ಇರೋ ಮ್ಯಾರೀಡ್, ಇನ್ನೊಂದು ಒಂದೇ ಆದಾಯ ಇರೋ ಮ್ಯಾರೀಡ್ ಅಂತ ಎದ್ದು ಕಾಣೋ ಹಾಗೆ ಹಾಕಿದಾರೆ. ನೋಡಿದ ತಕ್ಷಣ ಯಾವುದು ನಮ್ದು ಅಂತ ಗೊತ್ತಾಗುತ್ತೆ, ಮೊದಲನೇದು ಒತ್ತಿದೆ. ಫೆಡರಲ್ ಫಾರಂನವರು ಇಷ್ಟು ಮಾಡಿದ್ರೆ ಸಾಕಿತ್ತು.

2025ರ ಫೆಬ್ರವರಿಲಿ ಇಬ್ಬರ ಡಬ್ಲ್ಯೂ-2 ಬಂತು. ಇವರದು 1,30,000, ನಂದು 80,000. ಇವರಿಗೆ ಫೆಡರಲ್ ಟ್ಯಾಕ್ಸ್ ಹಿಡಿದಿದ್ದು 12,282, ನಂಗೆ 5,632. ಒಂದು ಶನಿವಾರ ಮಗಳನ್ನ ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಂದು ಸಾಫ್ಟ್‌ವೇರ್ ತೆಗೆದ್ವಿ. ಇವರ ಡಬ್ಲ್ಯೂ-2 ಹಾಕಿದಾಗ ಮೇಲ್ಗಡೆ ಹಸಿರು ಬಣ್ಣದಲ್ಲಿ ರಿಫಂಡ್ ತೋರಿಸ್ತಿತ್ತು, ನಂದು ಹಾಕಿದ ತಕ್ಷಣ ಕೆಂಪಾಗಿ ಹತ್ತು ಸಾವಿರದ ನಾನ್ನೂರು ಕಟ್ಟಬೇಕು ಅಂತ ಬಂತು.

"ಎಲ್ಲೋ ಒಂದು ಸೊನ್ನೆ ಜಾಸ್ತಿ ಹೊಡೆದಿರ್ತೀಯ ನೋಡು" ಅಂದ್ರು ಇವರು.

"ಇಲ್ಲ ರೀ, ನಾಲ್ಕು ಸಲ ನೋಡ್ದೆ, ಸರಿಯಾಗೇ ಇದೆ. ಇರಿ, ಕೈಲಿ ಲೆಕ್ಕ ಹಾಕ್ತೀನಿ."

ಪೇಪರ್ ತಗೊಂಡು ಕೂತೆ. 2024ಕ್ಕೆ ಜಾಯಿಂಟಾಗಿ ಫೈಲ್ ಮಾಡೋರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 29,200. ಆಮೇಲೆ ಮೊದಲ 23,200ಕ್ಕೆ 10 ಪರ್ಸೆಂಟ್, ಅಲ್ಲಿಂದ 94,300 ತನಕ 12 ಪರ್ಸೆಂಟ್, ಅದರ ಮೇಲೆ 2,01,050 ತನಕ 22 ಪರ್ಸೆಂಟ್. ಇವರ 1,30,000ರಲ್ಲಿ 29,200 ಕಳೆದ್ರೆ 1,00,800, ಅದರ ಟ್ಯಾಕ್ಸ್ ಸರಿಯಾಗಿ 12,282. ನನ್ನ 80,000ರಲ್ಲಿ 29,200 ಕಳೆದ್ರೆ 50,800, ಅದರ ಟ್ಯಾಕ್ಸ್ 5,632. ಅಂದ್ರೆ ಎರಡೂ ಕಂಪನಿಯವರು ತಮ್ಮ ತಮ್ಮ ಲೆಕ್ಕ ಚೊಕ್ಕವಾಗೇ ಮಾಡಿದಾರೆ, ಒಂದು ಡಾಲರ್ ಆಚೆ ಈಚೆ ಇಲ್ಲ. ಆದ್ರೆ ಇಬ್ಬರೂ 29,200 ಕಳೆದಿದಾರೆ. ಇಬ್ಬರೂ ಆ 10 ಮತ್ತೆ 12 ಪರ್ಸೆಂಟಿನ ಅಗ್ಗದ ಸ್ಲ್ಯಾಬ್ ಪೂರ್ತಿ ತಮ್ಮ ನೌಕರರಿಗೇ ಅಂತ ಕೊಟ್ಟಿದಾರೆ. ಒಂದೇ ರೇಷನ್ ಕಾರ್ಡಿಗೆ ಎರಡು ಸೊಸೈಟಿಲಿ ಅಕ್ಕಿ ಕೊಟ್ಟ ಹಾಗಾಯ್ತು ಇದು, ಕೊಟ್ಟ ಇಬ್ಬರಿಗೂ ಇನ್ನೊಬ್ಬರು ಕೊಟ್ಟಿದ್ದು ಗೊತ್ತಿಲ್ಲ.

ನಿಜವಾದ ಲೆಕ್ಕ ಇಬ್ಬರದೂ ಕೂಡಿಸಿ. 2,10,000ರಲ್ಲಿ ಒಂದೇ ಸಲ 29,200 ಕಳೆದ್ರೆ 1,80,800. ಅದಕ್ಕೆ ಟ್ಯಾಕ್ಸ್ 29,882. ಮಗಳ 2,000 ಕಳೆದ್ರೆ 27,882. ಹಿಡಿದಿದ್ದು ಇಬ್ಬರದೂ ಸೇರಿ 17,914. ಕೊರತೆ 9,968, ಎಫ್‌ಡಿ ಬಡ್ಡಿದು 440 ಸೇರಿಸಿದ್ರೆ 10,408. ಸಾಫ್ಟ್‌ವೇರ್ ಹೇಳಿದ್ದೇ ಬಂತು. ರೂಪಾಯಿಲಿ ಹೇಳೋದಾದ್ರೆ ಎಂಟೂವರೆ ಲಕ್ಷದ ಮೇಲೆ. ಇವರಿಗೆ ತೋರಿಸಿದಾಗ ಪೇಪರ್‌ನ ಸುಮಾರು ಹೊತ್ತು ನೋಡಿ "ಹಾಗಾದ್ರೆ ನಿನ್ನ ಸಂಬಳದ ಪ್ರತಿ ಡಾಲರಿಗೂ 22 ಪರ್ಸೆಂಟ್ ಹೋಗ್ಬೇಕಿತ್ತು, 7 ಪರ್ಸೆಂಟ್ ಮಾತ್ರ ಹೋಗಿದೆ" ಅಂದ್ರು. ಅದೇ ವಿಷಯ. ಮನೆಗೆ ಎರಡನೇ ಸಂಬಳ ಬಂದಾಗ ಅದು ಕೆಳಗಿನ ಸ್ಲ್ಯಾಬಿಂದ ಶುರು ಆಗಲ್ಲ, ಮೊದಲನೇ ಸಂಬಳ ಎಲ್ಲಿ ನಿಂತಿದ್ಯೋ ಅಲ್ಲಿಂದ ಮೇಲಕ್ಕೆ ಹೋಗುತ್ತೆ.

ನಮ್ಮೂರಿಂದ ಬಂದೋರಿಗೆ ಇದು ಹೊಳೆಯೋದು ಕಷ್ಟ ಯಾಕೆ ಅಂದ್ರೆ ಇಂಡಿಯಾದಲ್ಲಿ ಗಂಡನ ಪ್ಯಾನ್ ಬೇರೆ ಹೆಂಡ್ತಿ ಪ್ಯಾನ್ ಬೇರೆ, ಇಬ್ಬರ ಸಂಬಳ ಯಾವತ್ತೂ ಒಟ್ಟಿಗೆ ಸೇರಲ್ಲ, ಹೆಂಡ್ತಿ ಕೆಲಸಕ್ಕೆ ಸೇರಿದ್ರೆ ಅವಳದು ಅವಳ ಸ್ಲ್ಯಾಬಲ್ಲಿ ಸೊನ್ನೆಯಿಂದ ಶುರು. ಅಲ್ಲಿ ಇದೇ ಥರ ಕೊರತೆ ಬೀಳೋದು ಒಬ್ಬರೇ ವರ್ಷದ ಮಧ್ಯ ಕಂಪನಿ ಬದಲಾಯಿಸಿದಾಗ, ಹಳೇ ಕಂಪನಿ ಸಂಬಳ ಎಷ್ಟು ಅಂತ ಹೊಸಬರಿಗೆ ಬರೆದು ಕೊಡದೆ ಇದ್ರೆ ಎರಡೂ ಕಂಪನಿಯವರು ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದಿರ್ತಾರೆ, ಜುಲೈಲಿ ಕೈಯಿಂದ ಕಟ್ಬೇಕು. ಬೆಂಗಳೂರಲ್ಲಿ ಎಷ್ಟೋ ಜನರ ರಿಟರ್ನಲ್ಲಿ ನಾನೇ ಇದನ್ನ ನೋಡಿದೀನಿ. ಇಲ್ಲಿ ಅದು ಗಂಡ ಹೆಂಡ್ತಿ ಮಧ್ಯ ಆಗುತ್ತೆ, ವ್ಯತ್ಯಾಸ ಅಷ್ಟೇ.

ಸ್ಟೇಟಿಗೂ ಕಟ್ಟೋದು ಬಂತು, ಮೂರೂವರೆ ನಾಲ್ಕು ಸಾವಿರದ ಹತ್ರ. ನನ್ನ ಡಿಇ-4 ಸರಿ ಇತ್ತು ಆದ್ರೆ ಇವರದು 2017ರ ಡಬ್ಲ್ಯೂ-4ನೇ ಸ್ಟೇಟಿಗೂ ನಡೀತಿತ್ತು, ಇವರ ಕಂಪನಿ ಲೆಕ್ಕದಲ್ಲಿ ನಾನಿನ್ನೂ ಮನೇಲೇ ಇದೀನಿ.

ಮೊತ್ತ ನೋಡಿದ ಮೇಲೆ ನನಗೆ ಹೆಚ್ಚು ಭಯ ಆಗಿದ್ದು ಪೆನಾಲ್ಟಿದು. ವರ್ಷದ ಟ್ಯಾಕ್ಸ್ ವರ್ಷದೊಳಗೇ ಕಟ್ತಾ ಬರಬೇಕು ಅನ್ನೋದು ಇಲ್ಲಿನ ರೂಲು, 1943ರಲ್ಲಿ ಸಂಬಳದಿಂದ ಹಿಡಿಯೋ ಪದ್ಧತಿ ತಂದಿದ್ದೇ ಅದಕ್ಕೆ. ಕೊನೆಗೆ ಸಾವಿರ ಡಾಲರ್ ಅಥವಾ ಜಾಸ್ತಿ ಬಾಕಿ ಉಳಿದ್ರೆ ಪೆನಾಲ್ಟಿ ಲೆಕ್ಕ ಶುರು ಆಗುತ್ತೆ, ಬಡ್ಡಿ ಥರ, 2024ರಲ್ಲಿ ಅದರ ರೇಟು ವರ್ಷಕ್ಕೆ 8 ಪರ್ಸೆಂಟ್ ಇತ್ತು. ತಪ್ಪಿಸ್ಕೊಳ್ಳೋಕೆ ಎರಡು ದಾರಿ ಇದೆ, ಈ ವರ್ಷದ ಟ್ಯಾಕ್ಸಿನ 90 ಪರ್ಸೆಂಟ್ ಮೊದಲೇ ಹೋಗಿರಬೇಕು, ಇಲ್ಲಾ ಹೋದ ವರ್ಷದ ಒಟ್ಟು ಟ್ಯಾಕ್ಸಿನಷ್ಟಾದ್ರೂ ಹೋಗಿರಬೇಕು. ಹೋದ ವರ್ಷದ ಆದಾಯ 1,50,000 ಮೀರಿದ್ರೆ 100 ಪರ್ಸೆಂಟ್ ಸಾಲದು, 110 ಬೇಕು. ನಮಗೆ 90 ಪರ್ಸೆಂಟ್ ಆಗೋ ಮಾತೇ ಇಲ್ಲ. ಆದ್ರೆ 2023ರಲ್ಲಿ ಇವರದೊಂದೇ ಸಂಬಳ, ಆಗಿನ ಒಟ್ಟು ಟ್ಯಾಕ್ಸ್ ಹತ್ತೂವರೆ ಸಾವಿರದ ಹತ್ರ, 2024ರಲ್ಲಿ ಹಿಡಿದಿದ್ದು 17,914. ಎರಡನೇ ದಾರಿಲಿ ಪಾರಾದ್ವಿ, ಪೆನಾಲ್ಟಿ ಸೊನ್ನೆ. ಅದನ್ನ ನೋಡಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಎರಡನೇ ಸಂಬಳ ಶುರುವಾದ ಮೊದಲ ವರ್ಷ ಹೆಚ್ಚಿನವರು ಹೀಗೇ ಪಾರಾಗ್ತಾರೆ, ಹೋದ ವರ್ಷದ ಟ್ಯಾಕ್ಸ್ ಸಣ್ಣದಿರುತ್ತಲ್ಲ. ಎರಡನೇ ವರ್ಷ ಆ ಅನುಕೂಲ ಇಲ್ಲ. 2025ಕ್ಕೆ ನಮ್ಮ ಹೋದ ವರ್ಷದ ಟ್ಯಾಕ್ಸ್ 28 ಸಾವಿರದ ಮೇಲೆ, ಆದಾಯ 1,50,000 ಮೀರಿದೆ, 110 ಪರ್ಸೆಂಟ್ ಅಂದ್ರೆ 31 ಸಾವಿರ. ಫಾರಂ ಹಾಗೇ ಬಿಟ್ಟಿದ್ರೆ ಮುಂದಿನ ಸಲ ಬಾಕಿ ಜೊತೆ ಪೆನಾಲ್ಟಿನೂ ಗ್ಯಾರಂಟಿ.

ಯುಗಾದಿಗೆ ಕನ್ನಡ ಕೂಟಕ್ಕೆ ಹೋದಾಗ ಊಟದ ಹೊತ್ತಲ್ಲಿ ಇದೇ ಮಾತು ಬಂತು. ಇಲ್ಲಿಗೆ ಬಂದು ಇಪ್ಪತ್ತು ವರ್ಷ ಮೇಲಾದ ಒಬ್ಬ ಹಿರಿಯರು "ನೋಡಮ್ಮ, ಇಬ್ಬರೂ ಜೀರೋ ಹಾಕ್ಬಿಡಿ, ತಲೆನೋವೇ ಇಲ್ಲ" ಅಂದ್ರು, ಪ್ರೀತಿಯಿಂದಾನೇ ಹೇಳಿದ್ರು. "ಈಗ ಆ ಕಾಲಂ ಇಲ್ಲ ಅಂಕಲ್, 2020ರಲ್ಲೇ ತೆಗೆದ್ರು" ಅಂದೆ. ಅವರದು ಇನ್ನೂ ಹಳೇ ಫಾರಮ್ಮೇ, ಅವರಿಗೆ ಅದು ಕೆಲಸ ಮಾಡ್ತಿದೆ. ಆದ್ರೆ ಹೊಸದಾಗಿ ಸೇರೋ ಹುಡುಗರು ಈ ಮಾತು ಕೇಳಿ ಸ್ಟೆಪ್ 3ರಲ್ಲಿ ಸೊನ್ನೆ ಬರೆದು ಬಂದುಬಿಡ್ತಾರೆ, ಅದು ಮಕ್ಕಳ ಕ್ರೆಡಿಟ್ ಬರೆಯೋ ಜಾಗ, ಮಕ್ಕಳಿಲ್ಲದೋರು ಅಲ್ಲಿ ಸೊನ್ನೆ ಹಾಕಿದ್ರೆ ಏನೂ ಬದಲಾಗಲ್ಲ. ಅಲ್ಲೇ ಇದ್ದ ಇನ್ನೊಂದು ಜೋಡಿ ಮಗುವನ್ನ ಇಬ್ಬರ ಫಾರಂನಲ್ಲೂ ಬರೆದಿದ್ರಂತೆ. ಅಲ್ಲಿಗೆ ಇನ್ನೂ 2,000 ಡಾಲರ್ ಕೊರತೆ. ಸ್ಟೆಪ್ 3 ಯಾರಾದ್ರೂ ಒಬ್ಬರ ಫಾರಂನಲ್ಲಿ ಮಾತ್ರ, ಹೆಚ್ಚು ಸಂಬಳ ಇರೋರದರಲ್ಲಿ ಹಾಕಿದ್ರೆ ಒಳ್ಳೇದು.

ಏಪ್ರಿಲ್ 15ರ ಒಳಗೆ ಇಲ್ಲಿನ ಟ್ಯಾಕ್ಸ್ ಇಲಾಖೆ ಐಆರ್‌ಎಸ್ ಸೈಟಲ್ಲಿ ಡೈರೆಕ್ಟ್ ಪೇ ಮೂಲಕ ದುಡ್ಡು ಕಟ್ಟಿದ್ವಿ, ಮನೆ ಡೌನ್ ಪೇಮೆಂಟಿಗೆ ಅಂತ ಕೂಡಿಟ್ಟಿದ್ದರಲ್ಲಿ. ಒಟ್ಟಿಗೆ ಆಗದೇ ಇರೋರಿಗೆ ಕಂತಲ್ಲಿ ಕಟ್ಟೋ ವ್ಯವಸ್ಥೆನೂ ಇದೆ, ಬಡ್ಡಿ ಬೀಳುತ್ತೆ. ರಿಟರ್ನ್ ಫೈಲ್ ಮಾಡೋದನ್ನ ಮಾತ್ರ ದುಡ್ಡಿಲ್ಲ ಅಂತ ನಿಲ್ಲಿಸಬಾರದು, ಲೇಟ್ ಫೈಲಿಂಗ್ ಪೆನಾಲ್ಟಿ ಲೇಟ್ ಪೇಮೆಂಟ್ ಪೆನಾಲ್ಟಿಗಿಂತ ತುಂಬಾ ಜಾಸ್ತಿ.

ಕಟ್ಟಿದ ವಾರಾನೇ ಫಾರಂ ಸರಿ ಮಾಡೋಕೆ ಕೂತ್ವಿ. ಸ್ಟೆಪ್ 2ರಲ್ಲಿ ಸಿ ಅಂತ ಒಂದು ಚಿಕ್ಕ ಚೌಕ ಇದೆ, ಟಿಕ್ ಮಾಡೋದು ಅಷ್ಟೇ. ಅದನ್ನ ಇಬ್ಬರ ಫಾರಂನಲ್ಲೂ ಟಿಕ್ ಮಾಡಿದ್ರೆ ಪೇರೋಲ್‌ನವರು ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಸ್ಲ್ಯಾಬ್‌ಗಳನ್ನೂ ಅರ್ಧರ್ಧ ಮಾಡಿ ಲೆಕ್ಕ ಹಾಕ್ತಾರೆ. 2024ರ ನಂಬರಲ್ಲೇ ಹಾಕಿ ನೋಡಿದೆ, ಇವರಿಗೆ 20,738 ನನಗೆ 9,441, ಒಟ್ಟು 30,179. ಬೇಕಾಗಿದ್ದಿದ್ದು ಮಗಳ ಕ್ರೆಡಿಟ್‌ಗೆ ಮುಂಚೆ 29,882. ಮುನ್ನೂರು ಡಾಲರ್ ಕೂಡ ವ್ಯತ್ಯಾಸ ಇಲ್ಲ! ಹತ್ತು ಸಾವಿರದ ಗುಂಡಿಯನ್ನ ಒಂದು ಟಿಕ್ ಮುಚ್ಚುತ್ತೆ. ಕಮ್ಮಿ ಸಂಬಳದೋರದು ಹೆಚ್ಚು ಸಂಬಳದೋರ ಅರ್ಧಕ್ಕಿಂತ ಜಾಸ್ತಿ ಇದ್ರೆ ಈ ಟಿಕ್ ಹೀಗೆ ಸರಿಯಾಗಿ ಕೆಲಸ ಮಾಡುತ್ತೆ. ಒಬ್ಬರದು ಎರಡು ಲಕ್ಷ ಇನ್ನೊಬ್ಬರದು ನಲ್ವತ್ತು ಸಾವಿರ ಅಂದ್ರೆ ಟಿಕ್ ಮಾಡಿದ್ರೆ ಬೇಕಾಗಿದ್ದಕ್ಕಿಂತ ಹೆಚ್ಚು ಹಿಡೀತಾರೆ, ಅಂಥೋರು ಫಾರಂ ಹಿಂದಿರೋ ವರ್ಕ್‌ಶೀಟ್ ಇಲ್ಲಾ ಐಆರ್‌ಎಸ್ ಸೈಟಲ್ಲಿರೋ ವಿತ್‌ಹೋಲ್ಡಿಂಗ್ ಎಸ್ಟಿಮೇಟರ್ ಬಳಸ್ಬೇಕು. ಎಸ್ಟಿಮೇಟರ್ ಚೆನ್ನಾಗಿದೆ, ಹೆಸರು ಕೇಳಲ್ಲ, ಸೋಶಿಯಲ್ ನಂಬರ್ ಕೇಳಲ್ಲ, ಇಬ್ಬರ ಇತ್ತೀಚಿನ ಪೇ ಸ್ಟಬ್ ಪಕ್ಕದಲ್ಲಿಟ್ಕೊಂಡ್ರೆ ಸಾಕು.

ಆದ್ರೆ ಇಷ್ಟೊತ್ತಿಗೆ 2025ರ ಎಂಟು ಪೇ ಚೆಕ್ ಹಳೇ ಲೆಕ್ಕದಲ್ಲೇ ಹೋಗಿತ್ತು. ಎರಡು ವಾರಕ್ಕೊಂದು ಸಂಬಳ, ವರ್ಷಕ್ಕೆ 26. ಒಂದೊಂದು ಸಲಕ್ಕೆ ಇಬ್ಬರದೂ ಸೇರಿ 395 ಡಾಲರ್ ಹತ್ರ ಕಮ್ಮಿ ಹಿಡಿದಿದಾರೆ, ಎಂಟಕ್ಕೆ 3,160. ಉಳಿದ 18ಕ್ಕೆ ಹಂಚಿದ್ರೆ 175 ಚಿಲ್ಲರೆ. ಅದನ್ನ ಇವರ ಫಾರಂನ ಸ್ಟೆಪ್ 4(ಸಿ)ಲಿ, ಹೆಚ್ಚುವರಿ ಹಿಡೀರಿ ಅನ್ನೋ ಜಾಗದಲ್ಲಿ, 180 ಅಂತ ಬರೆದ್ವಿ. ಎಫ್‌ಡಿ ಬಡ್ಡಿಯನ್ನ 4(ಎ)ಲಿ ಬೇರೆಯಾಗಿ ತೋರಿಸ್ಬಹುದಿತ್ತು, ಆದ್ರೆ ಊರಲ್ಲಿ ನಮ್ಮ ದುಡ್ಡು ಎಷ್ಟಿದೆ ಅಂತ ಕಂಪನಿಯವರಿಗೆ ಯಾಕೆ ಹೇಳ್ಬೇಕು ಅಂತ ಬಿಟ್ವಿ, ಟಿಕ್‌ನಿಂದ ಹೆಚ್ಚಿಗೆ ಹೋಗೋ ಮುನ್ನೂರು ಅದನ್ನ ಹೆಚ್ಚುಕಮ್ಮಿ ಸರಿದೂಗಿಸುತ್ತೆ. ಈ 4(ಸಿ)ಲಿ ಇನ್ನೊಂದು ಲಾಭ ಇದೆ, ಸಂಬಳದಿಂದ ಹಿಡಿದ ದುಡ್ಡನ್ನ ಐಆರ್‌ಎಸ್‌ನವರು ವರ್ಷ ಪೂರ್ತಿ ಸಮವಾಗಿ ಕಟ್ಟಿದ ಹಾಗೆ ಲೆಕ್ಕ ಹಿಡೀತಾರೆ, ನವೆಂಬರಲ್ಲಿ ಹೆಚ್ಚು ಹಿಡಿಸಿದ್ರೂ ಸರಿ. ಅದೇ ನಾವೇ ಚೆಕ್ ಬರೆದು ಎಸ್ಟಿಮೇಟೆಡ್ ಟ್ಯಾಕ್ಸ್ ಅಂತ ಕಟ್ಟೋದಾದ್ರೆ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ರ ಗಡುವು ನೋಡ್ಕೋಬೇಕು.

ಸ್ಟೇಟಿಗೆ ಇವರು ಹೊಸದಾಗಿ ಡಿಇ-4 ಕೊಟ್ರು, ಎರಡು ಆದಾಯದ ಆಯ್ಕೆ.

ಮುಂದಿನ ಸಂಬಳ ಬಂದಾಗ ನನಗೆ 146, ಇವರಿಗೆ 430 ಚಿಲ್ಲರೆ ಕಮ್ಮಿ ಬಂತು ಫೆಡರಲ್ ಒಂದರಲ್ಲೇ, ಸ್ಟೇಟಿಂದು ಬೇರೆ. ಕೈಗೆ ಬರೋದು ಇಷ್ಟು ಇಳಿದಾಗ ಬೇಜಾರಾಗೇ ಆಗುತ್ತೆ, ಮಗಳ ಆಫ್ಟರ್ ಸ್ಕೂಲ್ ಫೀಸು, ಬಾಡಿಗೆ ಎಲ್ಲ ಮತ್ತೆ ಕೂತು ಹೊಂದಿಸಿದ್ವಿ. ಆದ್ರೆ ಆ ದುಡ್ಡು ಮೊದಲಿಂದಾನೂ ನಮ್ದಲ್ಲ, 2024 ಪೂರ್ತಿ ಅದನ್ನ ನಮ್ದು ಅಂದ್ಕೊಂಡೇ ಖರ್ಚಿನ ಲೆಕ್ಕ ಹಾಕಿದ್ವಿ. ಎರಡನೇ ಸಂಬಳ ಬಂದ ಹೊಸದರಲ್ಲಿ ಕಾರು, ದೊಡ್ಡ ಮನೆ ಬಾಡಿಗೆ ಅಂತ ಒಪ್ಕೊಳ್ಳೋರು ಮೊದಲ ಪೇ ಸ್ಟಬ್ ನಂಬಿ ಒಪ್ಕೋಬೇಡಿ ಅಂತ ಕೈಮುಗಿದು ಹೇಳ್ತೀನಿ, ನಿಮ್ಮ ಸಂಬಳ ಮನೆಯ ಮೇಲಿನ ಸ್ಲ್ಯಾಬಲ್ಲಿ ಕೂರುತ್ತೆ ಅಂತ ಲೆಕ್ಕ ಹಾಕಿ ಉಳಿಯೋದೆಷ್ಟು ನೋಡಿ. ಬೋನಸ್, ಆರ್‌ಎಸ್‌ಯು (ಸಂಬಳದ ಜೊತೆ ಕೊಡೋ ಕಂಪನಿ ಷೇರು) ಬರೋರಿಗೆ ಇನ್ನೊಂದು ಮಾತು, ಅದರ ಮೇಲೆ ಸಾಮಾನ್ಯವಾಗಿ 22 ಪರ್ಸೆಂಟ್ ಮಾತ್ರ ಹಿಡೀತಾರೆ, ನೀವು 32ರ ಸ್ಲ್ಯಾಬಲ್ಲಿದ್ರೆ ಉಳಿದ ಹತ್ತು ಪರ್ಸೆಂಟ್ ಏಪ್ರಿಲಲ್ಲಿ ಕೇಳ್ತಾರೆ.

2025ರ ಜುಲೈ 4ಕ್ಕೆ ಹೊಸ ಕಾನೂನಿಗೆ ಸಹಿ ಬಿತ್ತು. ಜಾಯಿಂಟ್ ಸ್ಟ್ಯಾಂಡರ್ಡ್ ಡಿಡಕ್ಷನ್ ಆ ವರ್ಷಕ್ಕೇ 30,000ದಿಂದ 31,500 ಆಯ್ತು, ಮಕ್ಕಳ ಕ್ರೆಡಿಟ್ 2,200 ಆಯ್ತು. ಆದ್ರೆ ಪೇರೋಲ್‌ನವರು ಹಿಡಿಯೋ ಟೇಬಲನ್ನ ಐಆರ್‌ಎಸ್ 2025ಕ್ಕೆ ಬದಲಾಯಿಸಲಿಲ್ಲ. 1,500ಕ್ಕೆ 22 ಪರ್ಸೆಂಟ್ ಅಂದ್ರೆ 330, ಅದರ ಮೇಲೆ 200, ನಮ್ಮನೆಗೆ 530 ಡಾಲರ್ ತನ್ನಷ್ಟಕ್ಕೇ ಹೆಚ್ಚು ಹಿಡಿದಂತಾಯ್ತು. 2025ರ ಲೆಕ್ಕ ಮುಗಿಸಿದಾಗ ಬಂದ ಸಣ್ಣ ರಿಫಂಡ್ ಅಲ್ಲಿಂದಾನೇ.

2026ರ ಜನವರಿ ಮೊದಲ ಪೇರೋಲ್‌ಗೆ ಮುಂಚೆ ಇವರು ಇನ್ನೊಂದು ಡಬ್ಲ್ಯೂ-4 ಕೊಟ್ರು, ಯಾಕಂದ್ರೆ ಆ 180 ಹಳೇ ಕೊರತೆ ತುಂಬೋಕೆ ಹಾಕಿದ್ದು, ನಾವೇ ತೆಗೀದೆ ಇದ್ರೆ ವರ್ಷಕ್ಕೆ 4,680 ಸುಮ್ನೆ ಹೋಗ್ತಾನೇ ಇರುತ್ತೆ. 4(ಸಿ) ಖಾಲಿ, ಸ್ಟೆಪ್ 3ರಲ್ಲಿ 2,200, ಸ್ಟೆಪ್ 2ರ ಟಿಕ್ ಹಾಗೇ ಇದೆ. ಪೇ ಸ್ಟಬ್ ಬಂದ ಸಂಜೆ ಇಬ್ಬರದೂ ಪಕ್ಕಪಕ್ಕ ಇಟ್ಟು ಫೆಡರಲ್ ಸಾಲನ್ನ 26ರಿಂದ ಗುಣಿಸಿ ನೋಡಿದ್ವಿ, ವರ್ಷದ ಟ್ಯಾಕ್ಸಿಗೆ ಹತ್ರ ಬಂತು.